ಪರ್ಮಿಂದರ್ ನಾಗ್ರಾ ಅವರಿಗಾಗಿ ಇ.ಆರ್. ನೋಡುವುದಾದರೆ ಎಲ್ಲಿಂದ ಶುರು ಮಾಡಬೇಕು?

'ಬೆಂಡ್ ಇಟ್ ಲೈಕ್ ಬೆಕ್ಹ್ಯಾಮ್' ಸಿನಿಮಾ ನೋಡಿ ನಟಿ ಪರ್ಮಿಂದರ್ ನಾಗ್ರಾ ಇಷ್ಟವಾದರು, ಅವರಿರುವ ಅಮೆರಿಕದ ಆಸ್ಪತ್ರೆ ಧಾರಾವಾಹಿ ಇ.ಆರ್. (ಎಮರ್ಜೆನ್ಸಿ ರೂಮ್, ಅಂದರೆ ತುರ್ತು ವಿಭಾಗ) ನೋಡೋಣವೆಂದರೆ 15 ಸೀಸನ್ ಇದೆ, ಪೂರ್ತಿ ನೋಡಲೇಬೇಕಾ ಅಂತ ಕೇಳಿದ್ದೀರಿ. ಬೇಡ. 10ನೇ ಸೀಸನ್‌ನ ಮೊದಲ ಎಪಿಸೋಡಿನಿಂದ ಹಿಡಿಯಿರಿ, 2003ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅದಕ್ಕೂ ಮುಂಚೆ ಅವರ ಪಾತ್ರವೇ ಇಲ್ಲ. ಹುಡುಕುವಾಗ ಒಂದು ಎಚ್ಚರ: 1984ರಲ್ಲಿ ಇದೇ ಹೆಸರಿನ ಹಾಸ್ಯ ಧಾರಾವಾಹಿ ಬಂದಿತ್ತು. ಅದೂ ಶಿಕಾಗೋ ಆಸ್ಪತ್ರೆಯದೇ, ಜಾರ್ಜ್ ಕ್ಲೂನಿ ಅದರಲ್ಲೂ ಇದ್ದಾರೆ, ಹಾಗಾಗಿ ಎಡವುವುದು ಸುಲಭ. ನಿಮಗೆ ಬೇಕಾದದ್ದು 1994ರಿಂದ 2009ರವರೆಗೆ ಎನ್‌ಬಿಸಿಯಲ್ಲಿ ಬಂದದ್ದು.

10ರಿಂದ 15ರವರೆಗಿನ ಆರು ಸೀಸನ್ ಸೇರಿದರೆ 130 ಎಪಿಸೋಡು. 14ನೇ ಸೀಸನ್‌ನಲ್ಲಿ 19 ಮಾತ್ರ ಇರುವುದಕ್ಕೆ ಹಾಲಿವುಡ್ ಬರಹಗಾರರ ಮುಷ್ಕರ ಕಾರಣ, ನಿಮ್ಮ ಆ್ಯಪ್‌ನಲ್ಲಿ ಏನೋ ಬಿಟ್ಟುಹೋಗಿದೆ ಅಂದುಕೊಳ್ಳಬೇಡಿ.

ಇಲ್ಲಿ ಅವರು ನೀಲಾ ರಸಗೋತ್ರಾ, ಇಂಗ್ಲೆಂಡಿನಿಂದ ಬಂದ ಭಾರತೀಯ ಮೂಲದ ಮೆಡಿಕಲ್ ವಿದ್ಯಾರ್ಥಿನಿ. ಲೆಸ್ಟರ್‌ನಲ್ಲಿ ಹುಟ್ಟಿದ ನಾಗ್ರಾ ತಮ್ಮ ಇಂಗ್ಲಿಷ್ ಉಚ್ಚಾರಣೆಯನ್ನೇ ಪಾತ್ರಕ್ಕೂ ಉಳಿಸಿಕೊಂಡಿದ್ದಾರೆ. ನನ್ನ ಪ್ರಕಾರ ಈ ಪಾತ್ರದ ನಿಜವಾದ ಕಥೆ ಪ್ರೇಮ, ಮದುವೆಗಳಲ್ಲಿಲ್ಲ, ವೃತ್ತಿಯ ಮೆಟ್ಟಿಲು ಹತ್ತುವುದರಲ್ಲಿದೆ. ಅದು ಹಿಡಿತಕ್ಕೆ ಸಿಗಬೇಕಾದರೆ ಅಲ್ಲಿನ ಓದಿನ ಕ್ರಮ ಗೊತ್ತಿರಬೇಕು. ನಮ್ಮಲ್ಲಿ ಪಿಯುಸಿ ಮುಗಿದರೆ ಎಂಬಿಬಿಎಸ್, ಕೊನೆಗೆ ಒಂದು ವರ್ಷ ಹೌಸ್ ಸರ್ಜನ್. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷ ಪದವಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದಾದ ಮೇಲೆ ಇಂಟರ್ನ್ (ಆಸ್ಪತ್ರೆಯಲ್ಲಿ ತರಬೇತಿಯ ಮೊದಲ ವರ್ಷ), ಮುಂದೆ ರೆಸಿಡೆಂಟ್ (ತರಬೇತಿಯ ಉಳಿದ ವರ್ಷಗಳು). ಯಾರಿಗೆ ಯಾವ ಆಸ್ಪತ್ರೆ ಎನ್ನುವುದು ಮಾರ್ಚ್‌ನ 'ಮ್ಯಾಚ್'ನಲ್ಲಿ ತೀರ್ಮಾನವಾಗುತ್ತದೆ. ಸಿಕ್ಕ ಸೀಟು ಬಿಟ್ಟರೆ ಒಂದು ವರ್ಷ ಹೋದಂತೆಯೇ.

ಇದು ಗೊತ್ತಿದ್ದರೆ 11ನೇ ಸೀಸನ್‌ನ ಆರಂಭದ ತೂಕ ತಿಳಿಯುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ನೀಲಾ ಸಿಕ್ಕ ಇಂಟರ್ನ್‌ಶಿಪ್ ಬಿಟ್ಟು ಬಂದು ಸಣ್ಣ ದಿನಸಿ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಲ್ಲುತ್ತಾಳೆ. ಕಥೆ ನಿಂತುಹೋಯಿತು ಅಂತ ಹಲವರು ಈ ಭಾಗವನ್ನೇ ಓಡಿಸಿಬಿಡುತ್ತಾರೆ. ಓಡಿಸಬೇಡಿ. ಮನೆಯವರ ಆಸೆಗೆ ಡಾಕ್ಟರಾಗುವ ಮಕ್ಕಳು ನಮ್ಮಲ್ಲೂ ಕಡಿಮೆಯೇನಿಲ್ಲವಲ್ಲ. ಆಕೆ ಧಾರಾವಾಹಿಯ ಆಸ್ಪತ್ರೆಯಾದ ಕೌಂಟಿ ಜನರಲ್‌ಗೆ ಇಂಟರ್ನ್ ಆಗಿ ವಾಪಸ್ ಬಂದಾಗ ಆ ಆಯ್ಕೆ ಆಕೆಯದೇ ಆಗಿರುತ್ತದೆ.

ಮುಂದೆ ತುರ್ತು ವಿಭಾಗ ಬಿಟ್ಟು ಸರ್ಜರಿಗೆ ಹೋಗುತ್ತಾಳೆ. ಮೊದಲ ಸೀಸನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಜಾನ್ ಕಾರ್ಟರ್ ಹೋದ ದಾರಿ ಇದಕ್ಕೆ ಉಲ್ಟಾ, ಸರ್ಜರಿಯಿಂದ ತುರ್ತು ವಿಭಾಗಕ್ಕೆ. (ಇನ್ನು ಮುಂದಿನ ನಾಲ್ಕು ಸಾಲು ಕಥೆ ಬಿಟ್ಟುಕೊಡುತ್ತವೆ, ಬೇಡವಾದರೆ ಹಾರಿಸಿ.) 12ನೇ ಸೀಸನ್‌ನಲ್ಲಿ ಸೈನ್ಯದ ವೈದ್ಯ ಮೈಕಲ್ ಗ್ಯಾಲಂಟ್ ಜೊತೆ ಮದುವೆ. ಅದೇ ಸೀಸನ್‌ನ ಕೊನೆಯ ಹೊತ್ತಿಗೆ ಅವನು ಇರಾಕ್‌ನಲ್ಲಿ ಬಾಂಬಿಗೆ ಬಲಿ. 13ರ ಕೊನೆಯಲ್ಲಿ, ಅವಳನ್ನು ಪ್ರೀತಿಸುವ ಜೊತೆಯ ಡಾಕ್ಟರ್ ರೇ ಬಾರ್ನೆಟ್ ಎರಡೂ ಕಾಲು ಕಳೆದುಕೊಳ್ಳುತ್ತಾನೆ. 15ರಲ್ಲಿ, ಧಾರಾವಾಹಿ ಮುಗಿಯಲು ಸ್ವಲ್ಪವೇ ಉಳಿದಿರುವಾಗ, ನೀಲಾ ಅವನಿರುವ ಲೂಸಿಯಾನಾಗೆ ಹೊರಡುತ್ತಾಳೆ. ಸಾಲು ಸಾಲು ದುರಂತ ನನಗೂ ಅತಿ ಅನ್ನಿಸುತ್ತದೆ. ನಾಗ್ರಾ ಗೋಳಾಡದೆ, ಧ್ವನಿ ತಗ್ಗಿಸಿ ಮಾಡಿದ್ದರಿಂದ ತಡೆದುಕೊಳ್ಳಬಹುದು.

ನೋಡುವಾಗ ಸಬ್‌ಟೈಟಲ್ ಹಾಕಿಕೊಳ್ಳಿ. ಸ್ಟ್ರೆಚರ್ ಒಳಗೆ ಬಂದೊಡನೆ ಕ್ಯಾಮೆರಾ ಅದರ ಸುತ್ತ ಕಟ್ ಇಲ್ಲದೆ ಸುತ್ತುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ. ಪದೇ ಪದೇ ಕೇಳುವ 'ಸಿಬಿಸಿ' ನಮ್ಮ ಲ್ಯಾಬಿನವರು ಮಾಡುವ ರಕ್ತಕಣಗಳ ಎಣಿಕೆಯೇ. 'ಕೆಮ್ ಸೆವೆನ್' ಅಂದರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್, ಯೂರಿಯಾ ನೈಟ್ರೋಜನ್, ಕ್ರಿಯಾಟಿನಿನ್, ಗ್ಲೂಕೋಸ್ ಎಂಬ ಏಳು. 'ಎಪಿ' ಎಂದರೆ ಎಪಿನೆಫ್ರಿನ್, ಅಂದರೆ ಅಡ್ರಿನಲಿನ್ ಔಷಧ. ಹೃದಯ ನಿಂತ ದೊಡ್ಡವರಿಗೆ ಒಂದು ಸಲಕ್ಕೆ 1 ಮಿಲಿಗ್ರಾಂ ಕೊಡುವುದು ರೂಢಿ, ಹಾಗಾಗಿಯೇ 'ಒನ್ ಆಫ್ ಎಪಿ' ಅನ್ನುವ ಕೂಗು.

ಈ ಪಾತ್ರಕ್ಕೆ ದಾರಿ ಮಾಡಿಕೊಟ್ಟದ್ದು ನೀವು ನೋಡಿದ 2002ರ ಅದೇ ಸಿನಿಮಾ. ಅದರಲ್ಲಿ ನಾಗ್ರಾ ಮಾಡಿದ ಜೆಸ್ ಫುಟ್‌ಬಾಲ್ ಆಡಲು ಚಡ್ಡಿ ಹಾಕಲು ಹಿಂಜರಿಯುವುದು ನೆನಪಿದೆಯಾ? ಕಾಲಿನ ಮೇಲಿನ ಆ ಸುಟ್ಟ ಕಲೆ ಮೇಕಪ್ ಅಲ್ಲ. ಬಾಲ್ಯದಲ್ಲಿ ಅಡುಗೆಮನೆಯಲ್ಲಿ ನಾಗ್ರಾಗೆ ಆದ ಗಾಯ ಅದು. ನಿರ್ದೇಶಕಿ ಗುರಿಂದರ್ ಛಡ್ಡಾ ಅದನ್ನು ಮುಚ್ಚಿಸುವ ಬದಲು ಚಿತ್ರಕಥೆಗೇ ಸೇರಿಸಿಕೊಂಡರು.

ಇ.ಆರ್. ಆದಮೇಲೆ 'ದಿ ಬ್ಲ್ಯಾಕ್‌ಲಿಸ್ಟ್' ಮೊದಲ ಸೀಸನ್‌ನಲ್ಲಿ ಮೀರಾ ಮಲಿಕ್ ಆಗಿದ್ದಾರೆ, ಪಾತ್ರ ಚಿಕ್ಕದು. 130 ಎಪಿಸೋಡು ಈಗಲೇ ಆಗಲ್ಲ ಅನ್ನಿಸಿದರೆ 2022ರ 'ಡಿಐ ರೇ' ಹಾಕಿ. ಬರ್ಮಿಂಗ್‌ಹ್ಯಾಮ್‌ನ ಪೊಲೀಸ್ ಅಧಿಕಾರಿ ರಚಿತಾ ರೇ, ಬಡ್ತಿ ಸಿಕ್ಕಿದ್ದು ಕೆಲಸಕ್ಕೋ ಮೈಬಣ್ಣಕ್ಕೋ ಅಂತ ಕೊರಗುವವಳು. ಮೊದಲ ಸೀಸನ್ ನಾಲ್ಕೇ ಎಪಿಸೋಡು, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ.