ಹಗುರ ಗುಂಡೋ, ಭಾರದ ಗುಂಡೋ?

ಪ್ರಶ್ನೆ: ನನ್ನ ಅಣ್ಣನ ಮಗ ಅಮೆರಿಕದ ಕೊಲೊರಾಡೊದಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಎಲ್ಕ್ (ಅಲ್ಲಿಯ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಲೈಸೆನ್ಸ್ ತೆಗೆಸಿದ್ದಾನಂತೆ. ಗೆಳೆಯನ .308 ರೈಫಲ್ ಇದೆ, ಅಂಗಡಿಯಲ್ಲಿ 150 ಗ್ರೇನ್, 180 ಗ್ರೇನ್ ಎರಡೂ ತೋಟೆ ಸಿಗುತ್ತವೆ, ಯಾವುದು ತಗೊಳ್ಳಲಿ ಚಿಕ್ಕಪ್ಪ ಅಂತ ಫೋನ್ ಮಾಡಿದ. ನಮ್ಮನೆಯಲ್ಲಿರೋದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಚರೆ ಬಿಟ್ಟರೆ ನನಗೇನೂ ಗೊತ್ತಿಲ್ಲ. ಗುಂಡು ಭಾರ ಇದ್ದಷ್ಟೂ ಪ್ರಾಣಿ ನರಳದೆ ಸಾಯುತ್ತದೆಯೇ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಈ ಉತ್ತರ ಕೊಲೊರಾಡೊಗೆ ಮಾತ್ರ, ಶಿರಸಿ ಕಾಡಿಗಲ್ಲ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ತೋಟ ಹಾಳು ಮಾಡುವ ಹಂದಿಯನ್ನೂ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ.

ಈಗ ಗುಂಡಿನ ಮಾತು. 150 ಗ್ರೇನ್ ಅಂದರೆ 9.7 ಗ್ರಾಂ, 180 ಅಂದರೆ 11.7 ಗ್ರಾಂ. ಇರೋ ವ್ಯತ್ಯಾಸ ಎರಡೇ ಗ್ರಾಂ! ಆದರೆ ದಪ್ಪ ಎರಡಕ್ಕೂ ಒಂದೇ (.308 ಅನ್ನೋದು ಇಂಚಿನಲ್ಲಿ ಆ ದಪ್ಪವೇ), ಹಾಗಾಗಿ ಭಾರದ್ದು ಉದ್ದ ಇರುತ್ತದೆ, ನಳಿಗೆಯಿಂದ ಸ್ವಲ್ಪ ನಿಧಾನ ಹೊರಟರೂ ಮೈಯೊಳಗೆ ಹೊಕ್ಕ ಮೇಲೆ ಹಿಂದಿನ ತೂಕವೇ ಅದನ್ನು ಮುಂದಕ್ಕೆ ನೂಕುತ್ತದೆ. ಬಲಿತ ಗಂಡು ಎಲ್ಕ್ 300 ಕೆಜಿ ದಾಟುತ್ತದೆ, ನಮ್ಮ ದೊಡ್ಡ ಕಡವೆಗೆ ಸಮ ಅನ್ನಿ. ಅಷ್ಟು ಅಗಲದ ಎದೆಗೂಡಿನಲ್ಲಿ ಗುಂಡು ಎರಡೂ ಶ್ವಾಸಕೋಶ ದಾಟಬೇಕು. ಒಂದರಲ್ಲೇ ನಿಂತುಬಿಟ್ಟರೆ ಪ್ರಾಣಿ ಮೈಲುಗಟ್ಟಲೆ ಓಡಬಹುದು, ನರಳುವುದು ಆಗಲೇ.

ಹಾಗಂತ ತೂಕ ಒಂದನ್ನೇ ನೋಡಿದರೆ ಸಾಲದು. ಗುಂಡು ಹೇಗೆ ಮಾಡಿದ್ದು ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ಅಮೆರಿಕದ ಜಾನ್ ನೋಸ್ಲರ್ 1946ರಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋದಾಗ ಗುಂಡುಗಳು ಕೆಸರು ಒಣಗಿ ಗಟ್ಟಿಯಾದ ಚರ್ಮದ ಹತ್ತಿರವೇ ಒಡೆದು ಹೋದವು, ಒಳಗೆ ಇಳಿಯಲೇ ಇಲ್ಲ. ಆಮೇಲೆ ಆತ ನಡುವೆ ತಾಮ್ರದ ಗೋಡೆ ಇರುವ ಪಾರ್ಟಿಷನ್ ಗುಂಡು ಮಾಡಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ಒಳಗಿನ ಸೀಸ ಮತ್ತು ಹೊರಗಿನ ಲೋಹದ ಹೊದಿಕೆ ಬೆಸೆದ ಬಾಂಡೆಡ್ ಗುಂಡು, ಪೂರಾ ತಾಮ್ರದ ಗುಂಡು ಇವೂ ಇವೆ. ತಾಮ್ರದ್ದು ಚೂರಾಗಿ ತೂಕ ಕಳೆದುಕೊಳ್ಳುವುದು ಬಹಳ ಕಡಿಮೆ, ಆದ್ದರಿಂದ ಅದರಲ್ಲಿ 150 ತಗೊಂಡರೂ ಸಾಕು. ಮಾಂಸದಲ್ಲಿ ಸೀಸದ ಪುಡಿಯೂ ಇರುವುದಿಲ್ಲ. (ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ನಿಷೇಧ.) ಸಾದಾ ಸೀಸದ ಗುಂಡಾದರೆ ಮಾತ್ರ 150 ಬೇಡ, 180ಕ್ಕೇ ಹೋಗಲಿ. ನನ್ನನ್ನು ಕೇಳಿದರೆ 165 ಗ್ರೇನಿನ ಬಾಂಡೆಡ್ ಹುಡುಕಲಿ ಅಂತೀನಿ, ಅಂಗಡಿಯವನು ಎರಡೇ ತೋರಿಸಿದ ಅಂತ ಎರಡರಲ್ಲೇ ಆರಿಸಬೇಕಾ?

ಕೊಲೊರಾಡೊದ ನಿಯಮದಲ್ಲಿ ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಅಂತಿದೆ, ಅದೂ ಅರಳುವ ಗುಂಡೇ ಆಗಬೇಕು. ಅದು ಕಾನೂನಿನ ಗಡಿ ಅಷ್ಟೇ, ಒಳ್ಳೆಯ ಆಯ್ಕೆ ಅಂತ ಅಲ್ಲ.

ಭಾರದ ಗುಂಡಿಗೆ ಹೆಗಲಿಗೆ ಒದೆತ ಜಾಸ್ತಿ. ಹೊಸಬರು ಆ ಹೆದರಿಕೆಗೆ ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾರೆ, ಈಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ 180ಕ್ಕಿಂತ ಮುಂಗಾಲ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬಿದ್ದ 150 ಎಷ್ಟೋ ಮೇಲು. ಬೇಟೆಗೆ ಒಯ್ಯುವ ತೋಟೆಯಲ್ಲೇ ಮೊದಲು ಗುರಿ ಹೊಡೆದು ನೋಡಲಿ, ಕುಳಿತು, ಮಂಡಿಯೂರಿ, ಅಲ್ಲಿಯ ಚಳಿಯ ಜಾಕೆಟ್ ಹಾಕಿಕೊಂಡೇ. ಒಂದೇ ರೈಫಲ್ಲಿನಲ್ಲಿ ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಗೆಳೆಯ 150ಕ್ಕೆ ಹೊಂದಿಸಿಟ್ಟ ಸ್ಕೋಪಿನಲ್ಲಿ 180 ಹಾಕಿ ಹೊರಟುಬಿಟ್ಟರೆ ಕೆಟ್ಟಿತು.

ಇನ್ನೊಂದು, ಅವನು ವೀಸಾದಲ್ಲಿದ್ದಾನಾ? ಹಾಗಿದ್ದರೆ ಅಲ್ಲಿ ಕೋವಿ ಮುಟ್ಟಲು ಚಾಲ್ತಿಯ ಬೇಟೆ ಲೈಸೆನ್ಸೇ ಸಾಮಾನ್ಯವಾಗಿ ಆಧಾರ. ಗುರಿ ಅಭ್ಯಾಸಕ್ಕೆ ಹೋಗುವಾಗಲೂ ಅದು ಕಿಸೆಯಲ್ಲಿರಲಿ ಅಂತ ಹೇಳಿ.