ಸುಸ್ತು ಅಂದರೆ ನಂಬಿ, ಮೇಷ್ಟ್ರೇ

ಓದುಗರ ಪತ್ರ: ಕಳೆದ ಸಂಚಿಕೆಯ ಥೈರಾಯ್ಡ್ ಲೇಖನ ಓದಿದೆ. ನಮ್ಮ ಕಾಲದಲ್ಲಿ ಈ ಕಾಯಿಲೆಯ ಹೆಸರೇ ಕೇಳಿರಲಿಲ್ಲ. ನಮ್ಮ ತಾಯಿ ಎಂಟು ಮಕ್ಕಳನ್ನು ಹೆತ್ತು ಗದ್ದೆ ಕೆಲಸವನ್ನೂ ಮಾಡಿದವರು. ನನ್ನ ಸೊಸೆಗೆ ಇನ್ನೂ 29. ಮನೆಗೆಲಸಕ್ಕೇ ಸುಸ್ತು ಅನ್ನುತ್ತಾಳೆ. ಡಾಕ್ಟರು ದಿನಾ ಮಾತ್ರೆ ಕೊಟ್ಟಿದ್ದಾರೆ, ಜೀವನಪೂರ್ತಿ ಬೇಕಂತೆ. ಪ್ಯಾಕೆಟ್ ಉಪ್ಪಿನ ಅಯೋಡಿನ್‌ನಿಂದಲೇ ಇದೆಲ್ಲ ಬಂದದ್ದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿ ಕಲ್ಲುಪ್ಪಿಗೆ ಬದಲಾಯಿಸಿದ್ದೇವೆ. ಮಾತ್ರೆ ಬಿಡಿಸಿ ಕೊತ್ತಂಬರಿ ನೀರು ಕೊಡಬಹುದೇ? ಮೊಮ್ಮಗುವಿನ ನಿರೀಕ್ಷೆಯಲ್ಲೂ ಇದ್ದೇವೆ.
– ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಸೊಸೆಯ ಆರೋಗ್ಯದ ಬಗ್ಗೆ ಪತ್ರ ಬರೆಯುವ ಮಾವಂದಿರು ಕಡಿಮೆ. ನೀವು ಬರೆದಿರಿ, ಅದಕ್ಕೇ ಬಿಚ್ಚಿ ಮಾತಾಡುತ್ತೇನೆ. ದಯವಿಟ್ಟು ಮಾತ್ರೆ ಬಿಡಿಸಬೇಡಿ.

ನಿಮ್ಮ ಅನುಮಾನದಲ್ಲಿ ಹುರುಳೇ ಇಲ್ಲ ಅಂತಲ್ಲ. ಈಗ ಹಬ್ಬದ ರಿಯಾಯಿತಿಯಲ್ಲಿ ರಕ್ತಪರೀಕ್ಷೆ ಮಾರುತ್ತಾರೆ. ಥೈರಾಯ್ಡ್ ಹೇಗಿದೆ ಎಂದು ತಿಳಿಸುವ ಟಿಎಸ್‌ಎಚ್ ಅಂಕಿ ಒಂಚೂರು ಜಾಸ್ತಿ ಬಂದವರಿಗೆಲ್ಲ ಮಾತ್ರೆ ಬೇಕಾಗುವುದಿಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿ ಎಂದು ಒಳ್ಳೆಯ ಡಾಕ್ಟರೇ ಹೇಳುತ್ತಾರೆ. ಅಯೋಡಿನ್ ಅತಿಯಾದರೂ ತೊಂದರೆಯೇ. ಇಷ್ಟು ನಿಮ್ಮ ಪರವಾಗಿ.

ಇನ್ನು ‘ನಮ್ಮ ಕಾಲದಲ್ಲಿ ಇರಲಿಲ್ಲ’ ಅನ್ನುವ ಮಾತು. ಇತ್ತು ಮೇಷ್ಟ್ರೇ. ನಮ್ಮ ಚಿಕ್ಕಮ್ಮನಿಗೇ ಇತ್ತು. ತೀರ್ಥಹಳ್ಳಿ ಕಡೆಯ ಹಳ್ಳಿ. ಬೇಸಿಗೆಯಲ್ಲೂ ಸ್ವೆಟರ್ ಬಿಡುತ್ತಿರಲಿಲ್ಲ. ಮುಖ ಊದಿತ್ತು, ಕೂದಲು ಉದುರುತ್ತಿತ್ತು, ಅಕ್ಕಿ ಆರಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದಳು. ಮನೆಯವರು ಅದಕ್ಕೆ ಇಟ್ಟ ಹೆಸರು ‘ಮೈಗಳ್ಳತನ’. ಆರು ವರ್ಷ ಆ ಮಾತು ಕೇಳಿಕೊಂಡೇ ಮನೆಗೆಲಸ ಮಾಡಿದಳು. ಒಂದು ದಿನ ಜ್ವರ ಬಂದ ಮಗನನ್ನು ಕರೆದುಕೊಂಡು ಪೇಟೆಗೆ ಹೋದಾಗ, ಡಾಕ್ಟರು ಮಗನನ್ನು ನೋಡಿ ಮುಗಿಸಿ ತಾಯಿಯನ್ನು ಕೇಳಿದರು: ‘ನಿಮ್ಮ ಗಂಟಲು ಯಾವಾಗಿನಿಂದ ಹೀಗೆ ದಪ್ಪ ಆಗಿದೆ?’ ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಮಾತ್ರೆ ಶುರುವಾಗಿ ನಾಲ್ಕೈದು ತಿಂಗಳಿಗೆ ಅದೇ ಚಿಕ್ಕಮ್ಮ ಮದುವೆ ಮನೆಯಲ್ಲಿ ಹಸೆಗೆ ಕರೆಯುವ ಹಾಡು ಹೇಳಿದಳು. ಮೈಗಳ್ಳಿ ಅಂದವರಲ್ಲಿ ಒಬ್ಬರೂ ‘ತಪ್ಪಾಯ್ತು’ ಅನ್ನಲಿಲ್ಲ.

ಶಾಲೆಯಲ್ಲಿ ‘ನಿರ್ನಾಳ ಗ್ರಂಥಿ’ ಎಂಬ ಮಾತು ನೀವೂ ಕೇಳಿರುತ್ತೀರಿ, ಪಾಠ ಮಾಡಿರಲೂಬಹುದು. ಜೊಲ್ಲಿನ ಗ್ರಂಥಿಗೆ ಬಾಯಿಯೊಳಗೆ ಸುರಿಯಲು ನಾಳ ಇದೆ. ಥೈರಾಯ್ಡ್‌ಗೆ ಅದಿಲ್ಲ. ತಾನು ಮಾಡಿದ ಹಾರ್ಮೋನನ್ನು ನೇರ ರಕ್ತಕ್ಕೇ ಬಿಡುತ್ತದೆ. ಕತ್ತಿನ ಮುಂದೆ ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿರುವ ಇದರ ತೂಕ ಸುಮಾರು 20 ಗ್ರಾಂ. ಮೈ ಎಷ್ಟು ಬಿಸಿ ಇರಬೇಕು, ಎದೆ ಎಷ್ಟು ಬೇಗ ಬಡಿಯಬೇಕು, ತಿಂದ ಅನ್ನ ಎಷ್ಟು ಚುರುಕಾಗಿ ಶಕ್ತಿಯಾಗಬೇಕು, ಎಲ್ಲದರಲ್ಲೂ ಇದರ ಕೈ ಇದೆ.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಥೈರಾಯ್ಡನ್ನು ಕೂಗಿ ಕೆಲಸ ಹೇಳುತ್ತದೆ. ಆ ಕೂಗೇ ಟಿಎಸ್‌ಎಚ್. ತೋಟದ ಆಚೆ ಇರುವವರನ್ನು ಕೂಗುತ್ತೇವಲ್ಲ, ಹಾಗೆ. ಓಗೊಟ್ಟರೆ ಸುಮ್ಮನಾಗುತ್ತೇವೆ. ಓಗೊಡದಿದ್ದರೆ ಇನ್ನೂ ಜೋರಾಗಿ ಕೂಗುತ್ತೇವೆ. ಥೈರಾಯ್ಡ್ ಸೋತಾಗ ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರುವುದು ಇದಕ್ಕೇ. ಸೊಸೆಯ ರಿಪೋರ್ಟ್ ತೆಗೆದು ನೋಡಿ. ಸಾಮಾನ್ಯವಾಗಿ 0.4 ರಿಂದ 4 ರ ಆಸುಪಾಸು ಇರಬೇಕಾದ ಅಂಕಿ ಎಷ್ಟು ಮೇಲೆ ಹೋಗಿದೆಯೋ, ಅವಳ ಪಿಟ್ಯುಟರಿ ಅಷ್ಟು ಜೋರಾಗಿ ಕೂಗಿದೆ.

ಉಪ್ಪಿನ ವಿಷಯ. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಇಲ್ಲದೆ ಆಗುವುದೇ ಇಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಬಸುರಿಗೆ 250 ಬೇಕು. ಗುಡ್ಡಗಾಡಿನ ಮಣ್ಣಿನಲ್ಲಿರುವ ಅಯೋಡಿನ್ ಮಳೆಗೆ ಕೊಚ್ಚಿಹೋಗುತ್ತದೆ. ಅಲ್ಲಿ ಬೆಳೆದದ್ದನ್ನೇ ತಿಂದವರಿಗೆ ಕತ್ತು ಊದಿ ಗಳಗಂಡ ಬರುತ್ತದೆ. ಹಿಮಾಲಯದ ತಪ್ಪಲಿನಲ್ಲಿ ಊರಿಗೆ ಊರೇ ಹೀಗಿತ್ತು. ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರು 1956 ರಲ್ಲಿ ಕಾಂಗ್ಡಾ ಕಣಿವೆಯನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು. ಕೆಲವೇ ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962 ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನಮ್ಮ ಕೊಡಗು, ಚಿಕ್ಕಮಗಳೂರಿನಲ್ಲೂ ಗಳಗಂಡ ಇತ್ತು.

‘ಕಲ್ಲುಪ್ಪು ಸಮುದ್ರದ್ದೇ ಅಲ್ವಾ, ಅದರಲ್ಲಿ ಅಯೋಡಿನ್ ಇರುತ್ತದಲ್ಲ’ ಎಂದು ತುಂಬಾ ಜನ ಕೇಳುತ್ತಾರೆ. ಸಮುದ್ರದ ನೀರು ಒಣಗಿ ಉಪ್ಪಾಗುವಾಗ ಅದರಲ್ಲಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ಅದಕ್ಕೇ ಬೆರೆಸುವುದು. ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು. ಒಗ್ಗರಣೆಗೂ ಸಾರಿಗೂ ಹಾಕುವಷ್ಟು ಉಪ್ಪಿನಿಂದ ಅದು ಅತಿಯಾಗುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಈ ಉಪ್ಪಿನಿಂದ ಸೊಸೆಯ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಯೋಡಿನ್ ಸಾಕಷ್ಟು ಸಿಗುವ ಕಡೆ, ಥೈರಾಯ್ಡ್ ಸೋತವರಲ್ಲಿ ಹೆಚ್ಚಿನವರಿಗೆ ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಮೇಲೆ ಬೀಳುತ್ತದೆ. ಜಪಾನಿನ ಹಶಿಮೊಟೊ ಎಂಬ ವೈದ್ಯರು 1912 ರಲ್ಲೇ ಆ ಬಗೆಯ ಗ್ರಂಥಿಗಳನ್ನು ವಿವರಿಸಿದ್ದರು. ಇದು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ.

ಕೊತ್ತಂಬರಿ ನೀರು ಕುಡಿಯಲಿ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಹಾರ್ಮೋನ್ ಇಲ್ಲ. ಮಾತ್ರೆಯಲ್ಲಿ ಇರುವುದು ಅವಳ ಗ್ರಂಥಿ ಮಾಡಬೇಕಾಗಿದ್ದ ಥೈರಾಕ್ಸಿನ್ ಎಂಬ ಹಾರ್ಮೋನೇ. ಇದು ರಕ್ತದಲ್ಲಿ ಅರ್ಧಕ್ಕೆ ಇಳಿಯಲೇ ಸುಮಾರು ಒಂದು ವಾರ ಬೇಕು. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಏನೂ ಆಗಲ್ಲ. ಜನ ಮೋಸ ಹೋಗುವುದು ಇಲ್ಲೇ. ‘ನೋಡಿ, ಕಷಾಯದಲ್ಲೇ ವಾಸಿಯಾಯ್ತು’ ಅನ್ನುತ್ತಾರೆ, ಸುಸ್ತು ಆಮೇಲೆ ಮೆಲ್ಲಗೆ ಬರುತ್ತದೆ.

ಜೀವನಪೂರ್ತಿ ಮಾತ್ರೆ ಅಂದರೆ ಭಯವಾಗುತ್ತದೆ, ನಿಜ. ಇಂಗ್ಲೆಂಡಿನಲ್ಲಿ 1891 ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ, ಥೈರಾಯ್ಡ್ ಸೋತು ಹಾಸಿಗೆ ಹಿಡಿಯುವಂತಾಗಿದ್ದ 46 ರ ಹೆಂಗಸಿಗೆ ಕುರಿಯ ಥೈರಾಯ್ಡ್‌ನ ಸಾರ ಕೊಟ್ಟರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870 ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಇವತ್ತು ಅದೇ ಕೆಲಸವನ್ನು ಚಿಕ್ಕದೊಂದು ಮಾತ್ರೆ ಮಾಡುತ್ತದೆ.

ಮೊಮ್ಮಗುವಿನ ಮಾತನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ಮೊದಲ ಕೆಲವು ತಿಂಗಳು ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಸರಿಯಾಗಿ ಕೆಲಸ ಶುರು ಮಾಡಿರುವುದಿಲ್ಲ. ಮಿದುಳು ಬೆಳೆಯಲು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಬಸುರಿ ಅಂತ ಗೊತ್ತಾದ ಕೂಡಲೇ ಡಾಕ್ಟರಿಗೆ ತಿಳಿಸಿ, ಸಾಮಾನ್ಯವಾಗಿ ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಕಲ್ಲುಪ್ಪಿನ ಡಬ್ಬಿಯನ್ನು ಈಗಲೇ ಬದಿಗಿಡಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ ಕೊಟ್ಟು, ಒಂದು ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಕನ್ನಡದಲ್ಲಿ ಎರಡು ಮಾತು ಹೇಳದೆ ಕಳಿಸುತ್ತಾರೆ. ಅರ್ಥವಾಗದವರು ವಾಟ್ಸ್‌ಆ್ಯಪ್ ನೋಡದೆ ಏನು ಮಾಡಬೇಕು? ಹತ್ತನೇ ಕ್ಲಾಸಿನಲ್ಲಿ ಗ್ರಂಥಿಗಳ ಚಿತ್ರ ಬರೆಸಿ ಅಂಕ ಕೊಡುತ್ತೇವೆ. ಅಮ್ಮನ ಸುಸ್ತಿಗೂ ಆ ಚಿತ್ರಕ್ಕೂ ಸಂಬಂಧ ಇದೆ ಅಂತ ಮಕ್ಕಳಿಗೆ ಹೇಳುವುದಿಲ್ಲ. ಯಜಮಾನನ ಬಿಪಿ ತಿಂಗಳಿಗೊಮ್ಮೆ ನೋಡಿಸುವ ಮನೆಯಲ್ಲೇ ಹೆಂಗಸರ ಪರೀಕ್ಷೆ ‘ಹಬ್ಬ ಮುಗೀಲಿ’ ಅಂತ ಮುಂದೆ ಹೋಗುತ್ತದೆ. ನಿಮ್ಮ ತಾಯಿ ಎಂಟು ಹೆತ್ತು ಗದ್ದೆಗೂ ಹೋದರು, ಸರಿ. ಅವರಿಗೆ ಸುಸ್ತಾಗಿರಲಿಲ್ಲವೇ ಅಂತ ಯಾರಾದರೂ ಕೇಳಿದ್ದರೇ?

ಇನ್ನೊಂದೇ ಮಾತು. ಈ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ತಿಂಡಿ ಬೇಡ. ಕುಡಿದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು. ನಾಳೆ ಬೆಳಗ್ಗೆ ನಿಮ್ಮ ಕಾಫಿಗೆ ಅವಳನ್ನು ಎಬ್ಬಿಸಬೇಡಿ ಮೇಷ್ಟ್ರೇ. ಡಿಕಾಕ್ಷನ್ ನೀವೇ ಇಳಿಸಿ, ಅವಳ ಪಾಲನ್ನು ಒಂದು ಗಂಟೆ ತಡವಾಗಿ ಬಿಸಿ ಮಾಡಿ ಕೊಡಿ.