ಇಂಗ್ಲೆಂಡಿನ ವರ್ಕ್ಸ್‌ವರ್ತ್ ಚರ್ಚಿನಲ್ಲಿರುವ ಕೆತ್ತನೆಯ ಕಲ್ಲಿನ ವಿಶೇಷವೇನು?

ಡರ್ಬಿಶೈರ್ ಪ್ರಾಂತದ ವರ್ಕ್ಸ್‌ವರ್ತ್ ಊರಿನ ಸಂತ ಮೇರಿ ಚರ್ಚಿನಲ್ಲಿ, ಗೋಡೆಗೆ ಕೂರಿಸಿ ಕಾಪಾಡಿರುವ ಈ ಕಲ್ಲು ಆಂಗ್ಲೋ-ಸ್ಯಾಕ್ಸನ್ ಕಾಲದ (ಸುಮಾರು 5ರಿಂದ 11ನೇ ಶತಮಾನದವರೆಗಿನ ಇಂಗ್ಲೆಂಡಿನ) ಸಮಾಧಿಯೊಂದರ ಮುಚ್ಚಳ. 1820ರಲ್ಲಿ ಬಲಿಪೀಠದ ಮುಂದಿನ ನೆಲಹಾಸನ್ನು ಕಿತ್ತಾಗ, ಇಡೀ ಅಸ್ಥಿಪಂಜರವಿದ್ದ ಕಲ್ಲಿನ ಗುಂಡಿಯೊಂದರ ಮೇಲೆ ಇದು ಬೋರಲಾಗಿ ಮುಚ್ಚಿಕೊಂಡಿತ್ತು. ಉಬ್ಬುಶಿಲ್ಪ ಇಷ್ಟರಮಟ್ಟಿಗೆ ಉಳಿದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಮೇಲೊಂದು, ಕೆಳಗೊಂದು ಎಂಬಂತೆ ಎರಡು ಸಾಲುಗಳಲ್ಲಿ ಬೈಬಲ್ ಪ್ರಸಂಗಗಳು ಒತ್ತೊತ್ತಾಗಿವೆ. ಯೇಸು ಶಿಷ್ಯರ ಪಾದ ತೊಳೆಯುವುದು, ನಾಲ್ವರು ದೇವದೂತರು ಹಿಡಿದ ಪ್ರಭಾವಲಯದೊಳಗೆ ಆತನ ಸ್ವರ್ಗಾರೋಹಣ ಮುಂತಾದವನ್ನು ಸುಲಭವಾಗಿ ಗುರುತಿಸಬಹುದು. ನನ್ನ ಮಟ್ಟಿಗೆ ಹೆಚ್ಚು ಕುತೂಹಲದ್ದು ಯೇಸುವಿನ ತಾಯಿ ಮರಿಯಮ್ಮನ ಶವಯಾತ್ರೆ: ಶಿಷ್ಯರು ಹೊತ್ತ ಚಟ್ಟದ ಕೆಳಗೆ ಒಬ್ಬ ಜೋತುಬಿದ್ದಿದ್ದಾನೆ, ಚಟ್ಟವನ್ನು ಉರುಳಿಸಲು ಬಂದು ಕೈ ಅಂಟಿಕೊಂಡವನ ಈ ಕಥೆ ಬೈಬಲಿನಲ್ಲಿಲ್ಲ, ನಂತರದ ಐತಿಹ್ಯಗಳಲ್ಲಿದೆ.

ಕಲ್ಲು ಯಾವ ಕಾಲದ್ದೆಂಬ ಚರ್ಚೆಗೆ ಎಡೆಮಾಡಿದ್ದು ಶಿಲುಬೆಯ ಮೇಲೆ ಯೇಸುವಿನ ಬದಲು ಕೆತ್ತಿರುವ ಕುರಿಮರಿ. ಕ್ರಿಸ್ತನನ್ನು ಕುರಿಮರಿಯ ರೂಪದಲ್ಲಿ ಚಿತ್ರಿಸಬಾರದೆಂದು 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಧರ್ಮಸಭೆ ವಿಧಿಸಿತ್ತಾದ್ದರಿಂದ, ಕಲ್ಲು ಅದಕ್ಕಿಂತ ಹಿಂದಿನದೆಂದು ಕೆಲವರು ವಾದಿಸಿದರು. ಆದರೆ ಆ ನಿಷೇಧವನ್ನು ಇಂಗ್ಲೆಂಡೂ ಸೇರಿದ್ದ, ರೋಮ್‌ನ ಪೋಪರ ಅಧೀನದ ಪಶ್ಚಿಮದ ಚರ್ಚು ಒಪ್ಪಲೇ ಇಲ್ಲವಾದ್ದರಿಂದ ಈ ವಾದ ಗಟ್ಟಿಯಲ್ಲ. ಶೈಲಿಯನ್ನು ಆಧರಿಸಿ ಸುಮಾರು ಕ್ರಿ.ಶ. 800ರ ಆಸುಪಾಸಿನದೆಂದು ಹೇಳುವುದೇ ಈಗ ರೂಢಿಯಲ್ಲಿದೆ.